ಅಗ್ನಿಪರ್ವತದ ನಾಡಿ ಹಿಡಿದವರು

ಮುಂಗಾರು ಬಿರುಸಾಯಿತೆಂದರೆ ಬಿಳಿಕೆರೆ, ಹುಣಸೂರು, ಹೆಗ್ಗಡದೇವನಕೋಟೆ ಕಡೆಯ ಜನ ಬೆಳಗಿನ ಪತ್ರಿಕೆಯಲ್ಲಿ ಹುಡುಕುವುದು ಒಂದು ಪುಟ್ಟ ಚೌಕವನ್ನು. ಅದೇ ಜಲಾಶಯಗಳ ನೀರಿನ ಮಟ್ಟ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು. ಕಬಿನಿಯ ಗರಿಷ್ಠ ಮಟ್ಟ 2,284 ಅಡಿ, ಇಂದಿನ ಮಟ್ಟ ಇಷ್ಟು. ಒಳಹರಿವು ಇಷ್ಟು, ಹೊರಹರಿವು ಇಷ್ಟು. ಕಣ್ಣು ಮಂಜಾದ ತಾತಂದಿರೂ ಮೊಮ್ಮಕ್ಕಳಿಂದ ಓದಿಸಿ ಕೇಳುತ್ತಾರೆ. ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ, ಹೊಳೆ ದಡದ ದನಕರುಗಳನ್ನು ಮೇಲಕ್ಕೆ ಹೊಡೆಯಬೇಕೋ ಬೇಡವೋ ಎಂಬುದನ್ನು ಆ ನಾಲ್ಕು ಅಂಕಿಗಳೇ ಹೇಳುತ್ತವೆ. 2019ರ ಆಗಸ್ಟ್‌ನಲ್ಲಿ ಕಬಿನಿಯಿಂದ ಒಂದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಬಿಟ್ಟಾಗ ನಂಜನಗೂಡಿನ ತಗ್ಗು ಪ್ರದೇಶಗಳು ಜಲಾವೃತವಾದದ್ದು ಹಲವರಿಗೆ ನೆನಪಿರಬಹುದು.

ಜಗತ್ತಿನ ಕೆಲವು ಊರುಗಳ ಜನ ಹೀಗೆಯೇ ಬೆಟ್ಟವೊಂದರ ‘ಮಟ್ಟ’ವನ್ನು ಕೇಳಿ ತಿಳಿಯುತ್ತಾರೆ. ನಿನ್ನೆ ಬೆಟ್ಟದ ಅಡಿಯಲ್ಲಿ ಎಷ್ಟು ಸಲ ನೆಲ ನಡುಗಿತು? ಎಷ್ಟು ಗಂಧಕದ ಹೊಗೆ ಹೊರಬಂತು? ಇಳಿಜಾರು ಎಷ್ಟು ಉಬ್ಬಿತು? ಅವರ ನೆರೆಯಲ್ಲಿರುವುದು ಜ್ವಾಲಾಮುಖಿ. ಅದರ ನಾಡಿ ಹಿಡಿದು ಕೂತವರ ಕೆಲಸವೂ ಅಣೆಕಟ್ಟೆಯ ಮಟ್ಟ ಬರೆಯುವವರ ಕೆಲಸದಂತೆಯೇ. ದಿನವೂ ಅಳೆಯಬೇಕು, ಬರೆದಿಡಬೇಕು, ಸಕಾಲದಲ್ಲಿ ಹೇಳಬೇಕು.

ನಮ್ಮದೇ ಜ್ವಾಲಾಮುಖಿ

ಭಾರತದಲ್ಲೂ ಜೀವಂತ ಜ್ವಾಲಾಮುಖಿ ಇದೆಯೇ? ಇದೆ, ಒಂದೇ ಒಂದು. ಅಂಡಮಾನ್ ಸಮುದ್ರದಲ್ಲಿ, ಪೋರ್ಟ್ ಬ್ಲೇರ್‌ನಿಂದ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ) ಈಶಾನ್ಯಕ್ಕೆ ಸುಮಾರು 140 ಕಿ.ಮೀ. ದೂರದಲ್ಲಿರುವ ಬ್ಯಾರನ್ ದ್ವೀಪ. ಅಡ್ಡಳತೆ ಸುಮಾರು 3 ಕಿ.ಮೀ. ಮಾತ್ರ. ಅಲ್ಲಿ ಜನವಸತಿ ಇಲ್ಲ. ನಮಗೆ ಕಾಣುವುದು ಬೆಟ್ಟದ ನೆತ್ತಿಯಷ್ಟೇ. ಅದರ ಬುಡ ಎರಡು ಸಾವಿರ ಮೀಟರಿಗೂ ಆಳದಲ್ಲಿ, ಸಮುದ್ರದ ತಳದಲ್ಲಿದೆ. ಭಾರತವನ್ನು ಹೊತ್ತ ಭೂಫಲಕ ಪಕ್ಕದ ಬರ್ಮಾ ಫಲಕದ ಅಡಿಗೆ ಜಾರುತ್ತಿದೆ. ಆಳಕ್ಕಿಳಿದ ಫಲಕದಿಂದ ಹೊರಬೀಳುವ ನೀರು ಮೇಲಿನ ಬಿಸಿ ಶಿಲೆಯನ್ನು ಕರಗಿಸುತ್ತದೆ. ಹೀಗೆ ಹುಟ್ಟಿದ ಶಿಲಾಪಾಕ ದಾರಿ ಮಾಡಿಕೊಂಡು ಮೇಲೇರುತ್ತದೆ.

ಈ ದ್ವೀಪ ಬೆಂಕಿ ಉಗುಳಿದ ಮೊದಲ ದಾಖಲೆ 1787ರದು. ಆಮೇಲೆ ಕೆಲವು ದಶಕ ಆಗಾಗ ಸಿಡಿದು, ಮುಂದೆ ಸುಮಾರು ಒಂದೂವರೆ ಶತಮಾನ ತೆಪ್ಪಗಿತ್ತು. ಇನ್ನು ಆರಿಹೋಯಿತು ಎಂದುಕೊಳ್ಳುವಷ್ಟರಲ್ಲಿ, 1991ರ ಮಾರ್ಚ್ ಕೊನೆಯಲ್ಲಿ ಮತ್ತೆ ಎಚ್ಚೆತ್ತಿತು. ದ್ವೀಪದ ನಡುವೆ ಸುಮಾರು 2 ಕಿ.ಮೀ. ಅಗಲದ ಹಳೆಯ ಕುಂಡವಿದೆ, ಅದರ ಪಶ್ಚಿಮದ ಗೋಡೆ ಒಡೆದುಹೋಗಿದೆ. ಲಾವಾ ಆ ಬಾಗಿಲಿನಿಂದಲೇ ಹರಿದು ಸಮುದ್ರ ಸೇರಿತು. 1993ರಲ್ಲಿ ಅಲ್ಲಿಗೆ ಹೋದ ತಂಡಕ್ಕೆ, ದ್ವೀಪದಲ್ಲಿದ್ದವೆಂದು ತಿಳಿದಿದ್ದ 16 ಬಗೆಯ ಹಕ್ಕಿಗಳಲ್ಲಿ ಕಂಡದ್ದು 6 ಮಾತ್ರ. ಹಸಿರಿದ್ದ ಜಾಗದಲ್ಲಿ ಕರಿಗಲ್ಲು ಹಾಸಿತ್ತು.

1994-95ರಲ್ಲಿ ಮತ್ತೆ, 2005ರ ಮೇ ತಿಂಗಳಲ್ಲಿ ಮತ್ತೆ ಅದು ಉಗುಳಿತು. 2017ರ ಜನವರಿ 23ರಂದು ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ‘ಸಿಂಧು ಸಂಕಲ್ಪ’ ಹಡಗಿನಲ್ಲಿ ಹತ್ತಿರವೇ ಸಮುದ್ರತಳದ ಮಾದರಿ ತೆಗೆಯುತ್ತಿದ್ದರು. ಆಗ ಇದ್ದಕ್ಕಿದ್ದಂತೆ ಬೂದಿ ಏಳತೊಡಗಿತು. ಹಗಲಿನಲ್ಲಿ ಬರೀ ಬೂದಿ ಮೋಡ. ಸೂರ್ಯ ಮುಳುಗಿದ ಮೇಲೆ ನೋಡಿದರೆ ಕೆಂಪು ಕಾರಂಜಿ, ಇಳಿಜಾರಿನಲ್ಲಿ ಹರಿಯುವ ಕೆಂಡ. 2025ರ ಸೆಪ್ಟೆಂಬರ್‌ನಲ್ಲೂ ಅದು ಸಣ್ಣಗೆ ಸಿಡಿಯಿತು.

ಜನರಿಲ್ಲದ ದ್ವೀಪಕ್ಕೆ ಕಾವಲು ಏಕೆ?

ಯಾರೂ ವಾಸಿಸದ ಬೆಟ್ಟ ಉರಿದರೇನು ಎಂದು ಕೇಳಬಹುದು. ಉತ್ತರ ಆಕಾಶದಲ್ಲಿದೆ. 1982ರ ಜೂನ್ 24ರ ರಾತ್ರಿ ಕ್ವಾಲಾಲಂಪುರದಿಂದ ಪರ್ತ್‌ಗೆ ಹಾರುತ್ತಿದ್ದ ಬ್ರಿಟಿಷ್ ವಿಮಾನವೊಂದು ಇಂಡೋನೇಷ್ಯಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿ ಮೋಡವನ್ನು ಹೊಕ್ಕಿತು. ನಾಲ್ಕೂ ಎಂಜಿನ್‌ಗಳು ನಿಂತುಹೋದವು. ಬೂದಿಯೆಂದರೆ ಒಲೆಯ ಬೂದಿಯಲ್ಲ, ನುಣ್ಣಗೆ ಪುಡಿಯಾದ ಗಾಜು ಮತ್ತು ಕಲ್ಲು. ಎಂಜಿನ್ನಿನ ಕಾವಿಗೆ ಅದು ಕರಗಿ ಒಳಗೆ ಅಂಟಿಕೊಳ್ಳುತ್ತದೆ. ವಿಮಾನ ತೇಲುತ್ತಾ ಕೆಳಗಿಳಿದು ಮೋಡದಿಂದ ಹೊರಬಂದ ಮೇಲೆ ಎಂಜಿನ್‌ಗಳು ಮತ್ತೆ ಹೊತ್ತಿಕೊಂಡವು. 263 ಜನರೂ ಜಕಾರ್ತದಲ್ಲಿ ಸುರಕ್ಷಿತವಾಗಿ ಇಳಿದರು. ವಿಮಾನಗಳಿಗೆ ಬೂದಿಯ ಮುನ್ನೆಚ್ಚರಿಕೆ ನೀಡುವ ಕೇಂದ್ರಗಳು ಮುಂದೆ ಜಗತ್ತಿನ ಹಲವೆಡೆ ಆರಂಭವಾದವು. ಬ್ಯಾರನ್ ದ್ವೀಪದ ಬೂದಿಯ ಬಗ್ಗೆ ಎಚ್ಚರಿಕೆ ಹೊರಡುವುದು ಆಸ್ಟ್ರೇಲಿಯಾದ ಡಾರ್ವಿನ್ ನಗರದ ಕೇಂದ್ರದಿಂದ.

ನಾಡಿ ಹಿಡಿಯುವ ಬಗೆ

ವೈದ್ಯರು ನಾಡಿ, ಜ್ವರ, ಉಸಿರು ನೋಡುವಂತೆ ಜ್ವಾಲಾಮುಖಿ ತಜ್ಞರೂ ಕೆಲವು ಲಕ್ಷಣಗಳನ್ನು ನೋಡುತ್ತಾರೆ.

ಮೊದಲನೆಯದು ನಡುಕ. ಶಿಲಾಪಾಕ ಮೇಲೇರುವಾಗ ಸುತ್ತಲಿನ ಬಂಡೆ ಬಿರುಕು ಬಿಡುತ್ತದೆ. ಮನುಷ್ಯರಿಗೆ ತಿಳಿಯದ ಕಿರುಕಂಪನಗಳು ದಿನಕ್ಕೆ ನೂರಾರು ಆಗಬಹುದು. ಭೂಕಂಪಮಾಪಕ ಅವೆಲ್ಲವನ್ನೂ ಗುರುತಿಸುತ್ತದೆ. ಕಂಪನದ ಕೇಂದ್ರ ದಿನೇ ದಿನೇ ಮೇಲಕ್ಕೆ ಬರುತ್ತಿದ್ದರೆ ಶಿಲಾಪಾಕವೂ ಏರುತ್ತಿದೆ ಎಂದು ಊಹಿಸಬಹುದು.

ಎರಡನೆಯದು ಉಬ್ಬರ. ಹೆಂಚಿನ ಮೇಲೆ ಚಪಾತಿ ಉಬ್ಬುವುದನ್ನು ನೀವು ನೋಡಿದ್ದೀರಿ. ಒಳಗೆ ಒತ್ತಡ ಹೆಚ್ಚಿದರೆ ಬೆಟ್ಟವೂ ಉಬ್ಬುತ್ತದೆ. ಆದರೆ ಅದು ಕಣ್ಣಿಗೆ ಕಾಣುವಂಥದಲ್ಲ. ಒಂದು ಕಿಲೋಮೀಟರ್ ಉದ್ದದ ನೇರ ತೊಲೆಯ ಒಂದು ತುದಿಯನ್ನು ಒಂದೇ ಮಿಲಿಮೀಟರ್ ಎತ್ತಿದರೆ ಎಷ್ಟು ಓರೆಯಾಗುತ್ತದೋ ಅಷ್ಟನ್ನೂ ಓರೆಮಾಪಕ ಹಿಡಿಯಬಲ್ಲದು.

ಮೂರನೆಯದು ಉಸಿರು. ಶಿಲಾಪಾಕ ಮೇಲೆ ಬಂದಂತೆ ಅದರಲ್ಲಿ ಕರಗಿದ ಅನಿಲಗಳು ಬಿಡುಗಡೆಯಾಗುತ್ತವೆ, ಸೋಡಾ ಬಾಟಲಿಯ ಮುಚ್ಚಳ ತೆರೆದಂತೆ. ಗಂಧಕದ ಡೈಆಕ್ಸೈಡ್ ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರುತ್ತದೆ. ಎಷ್ಟು ಹೀರಿತು ಎಂಬುದನ್ನು ಅಳೆದು ದಿನಕ್ಕೆ ಎಷ್ಟು ಟನ್ ಅನಿಲ ಹೊರಬಂತೆಂದು ಲೆಕ್ಕ ಹಾಕುತ್ತಾರೆ.

ನಾಲ್ಕನೆಯದು ಆಕಾಶದ ಕಣ್ಣು. ಬ್ಯಾರನ್‌ನಂಥ ನಿರ್ಜನ ದ್ವೀಪಕ್ಕೆ ಉಪಗ್ರಹವೇ ಮುಖ್ಯ ಕಾವಲುಗಾರ. ಅವುಗಳ ಅವಗೆಂಪು ಕಣ್ಣು ಬಿಸಿಯನ್ನು ಗುರುತಿಸುತ್ತದೆ. ರಾಡಾರ್ ಕಣ್ಣಿಗೆ ಮೋಡ, ಕತ್ತಲೆ ಎರಡೂ ಅಡ್ಡಿಯಲ್ಲ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ‘ನಿಸಾರ್’ ಇಸ್ರೊ ಮತ್ತು ನಾಸಾ ಒಟ್ಟಾಗಿ ಮಾಡಿದ ಇಂಥ ರಾಡಾರ್ ಉಪಗ್ರಹ. ಅದರ ಭಾಗಗಳನ್ನು ಜೋಡಿಸಿದ್ದು ಬೆಂಗಳೂರಿನಲ್ಲಿ, ಉಡುಪಿ ಸೀಮೆಯ ಯು.ಆರ್. ರಾವ್ ಅವರ ಹೆಸರಿನ ಉಪಗ್ರಹ ಕೇಂದ್ರದಲ್ಲಿ. ಅದು 12 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಹಾದುಹೋಗುತ್ತದೆ. ಹಿಂದಿನ ಚಿತ್ರಕ್ಕೂ ಇಂದಿನ ಚಿತ್ರಕ್ಕೂ ಹೋಲಿಸಿದರೆ ನೆಲ ಕೆಲವೇ ಸೆಂಟಿಮೀಟರ್ ಏರಿದ್ದರೂ, ಇಳಿದಿದ್ದರೂ ಗೊತ್ತಾಗುತ್ತದೆ.

ನಕ್ಷೆಯೇ ಬದಲಾದಾಗ

ಈ ಕಾವಲು ಹೆಚ್ಚು ಕಾಲದಿಂದ ನಡೆದಿರುವ ಸ್ಥಳಗಳಲ್ಲಿ ಹವಾಯಿ ದ್ವೀಪದ ಕಿಲವೇಯ ಒಂದು. ಥಾಮಸ್ ಜಾಗರ್ ಎಂಬ ಭೂವಿಜ್ಞಾನಿ 1912ರಲ್ಲಿ ಅಲ್ಲಿ ವೀಕ್ಷಣಾಲಯ ತೆರೆದರು. 1902ರಲ್ಲಿ ಕೆರಿಬಿಯನ್ನಿನ ಸೇಂಟ್ ಪಿಯರ್ ಪಟ್ಟಣ ಕೆಲವೇ ನಿಮಿಷಗಳಲ್ಲಿ ಸುಟ್ಟು ಸುಮಾರು 28,000 ಜನ ಸತ್ತದ್ದನ್ನು ಹೋಗಿ ಕಂಡುಬಂದವರು ಅವರು. ಸಿಡಿದ ಮೇಲೆ ಓಡಿ ಬರುವುದಕ್ಕಿಂತ ಪಕ್ಕದಲ್ಲೇ ಕೂತು ನೋಡಬೇಕು ಎಂದು ಅವರು ಆಗಲೇ ನಿಶ್ಚಯಿಸಿದ್ದರು.

2018ರ ಮೇ ತಿಂಗಳಲ್ಲಿ ಕಿಲವೇಯದ ತಪ್ಪಲಿನ ಬಡಾವಣೆಗಳ ನಡುವೆಯೇ ನೆಲ ಬಿರಿದು ಲಾವಾ ಹೊರಬಂತು. 700ಕ್ಕೂ ಹೆಚ್ಚು ಮನೆಗಳು ಹೋದವು. ಸಮುದ್ರ ಸೇರಿದ ಲಾವಾ ಗಟ್ಟಿಯಾಗಿ 875 ಎಕರೆ ಹೊಸ ನೆಲ ಹುಟ್ಟಿತು. ಅತ್ತ ಬೆಟ್ಟದ ನೆತ್ತಿಯ ಹೊಂಡ ಕುಸಿದು ಸುಮಾರು 500 ಮೀಟರ್ ಆಳವಾಯಿತು. 2019ರಲ್ಲಿ ಅದರ ತಳದಲ್ಲಿ ನೀರು ಜಿನುಗಿ ಕೆರೆಯಾಯಿತು. 2020ರ ಡಿಸೆಂಬರ್ 20ರ ರಾತ್ರಿ ಲಾವಾ ಧುಮುಕಿ ಆ ಕೆರೆ ಆವಿಯಾಗಿ ಹೋಯಿತು, ಅದರ ಜಾಗದಲ್ಲಿ ಬೆಂಕಿಯ ಕೆರೆ ತುಂಬಿತು. 2024ರ ಡಿಸೆಂಬರ್ 23ರಂದು ಶುರುವಾದ ಉಗುಳಾಟ 2025ರುದ್ದಕ್ಕೂ ಬಿಟ್ಟು ಬಿಟ್ಟು ನಡೆಯಿತು. ಕೆಲವು ಸಲ ಲಾವಾದ ಕಾರಂಜಿ 300 ಮೀಟರಿಗೂ ಮೇಲೆ ಚಿಮ್ಮಿತು. ಮೈಸೂರು ನಗರದ ನೆಲದಿಂದ ಚಾಮುಂಡಿ ಬೆಟ್ಟ ಏಳುವ ಎತ್ತರವೂ ಹೆಚ್ಚುಕಡಿಮೆ ಅಷ್ಟೇ!

ಕೇಳದ ಊರು, ಕೇಳಿದ ಊರು

ಅಳೆದರಷ್ಟೇ ಸಾಕೇ? ಸಾಲದು. ಇದಕ್ಕೆ ಎರಡು ಊರುಗಳ ಕಥೆ ಸಾಕ್ಷಿ.

ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ನೆವಾದೊ ದೆಲ್ ರೂಯಿಸ್ ಎಂಬ ಹಿಮ ಹೊದ್ದ ಜ್ವಾಲಾಮುಖಿ ಇದೆ. 1985ರಲ್ಲಿ ಅದು ಅನೇಕ ತಿಂಗಳು ಗೊಣಗುತ್ತಿತ್ತು. ಅಕ್ಟೋಬರ್‌ನಲ್ಲಿ ತಜ್ಞರು ಅಪಾಯದ ನಕ್ಷೆಯನ್ನೂ ತಯಾರಿಸಿಕೊಟ್ಟರು. ಕೆಸರಿನ ಪ್ರವಾಹ ಬಂದರೆ ಆರ್ಮೇರೊ ಪಟ್ಟಣಕ್ಕೆ ನುಗ್ಗುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಆದರೆ ಪಟ್ಟಣವನ್ನು ಖಾಲಿ ಮಾಡಿಸುವ ತೀರ್ಮಾನವಾಗಲಿಲ್ಲ. ನವೆಂಬರ್ 13ರ ರಾತ್ರಿ ಬೆಟ್ಟ ಸಿಡಿಯಿತು, ಹಿಮ ಕರಗಿತು, ಬೂದಿ ಕಲೆತ ಕೆಸರು ನದಿ ಕಣಿವೆಗಳಲ್ಲಿ ಇಳಿಯಿತು. ಆರ್ಮೇರೊ ತಲುಪಲು ಅದಕ್ಕೆ ಎರಡು ಗಂಟೆಗೂ ಹೆಚ್ಚು ಸಮಯ ಬೇಕಾಯಿತು. ಎತ್ತರದ ದಿಬ್ಬ ಏರಲು ಅಷ್ಟು ಹೊತ್ತು ಧಾರಾಳವಾಗಿ ಸಾಕಿತ್ತು. ಸತ್ತವರು ಸುಮಾರು 23,000 ಮಂದಿ.

ಫ್ರಾನ್ಸಿನ ಜ್ವಾಲಾಮುಖಿ ತಜ್ಞ ದಂಪತಿ ಮೋರಿಸ್ ಮತ್ತು ಕಾತ್ಯಾ ಕ್ರಾಫ್ಟ್ ಅವರನ್ನು ಈ ದುರಂತ ಬಹುವಾಗಿ ಕಲಕಿತು. ನಕ್ಷೆ ಓದಲು ಬಾರದವರಿಗೂ ಅಪಾಯ ಅರ್ಥವಾಗಲಿ ಎಂದು ಅವರು ತಾವು ಸೆರೆಹಿಡಿದ ದೃಶ್ಯಗಳಿಂದ ಒಂದು ಚಲನಚಿತ್ರ ಸಿದ್ಧಪಡಿಸಿದರು.

1991 ಬಂತು. ನಮ್ಮ ಬ್ಯಾರನ್ ಎಚ್ಚೆತ್ತ ಅದೇ ವರ್ಷ. ಏಪ್ರಿಲ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಐದು ಶತಮಾನದ ನಿದ್ದೆಯಿಂದ ಮಿಸುಕಾಡಿತು. ಅಲ್ಲಿಯ ಮತ್ತು ಅಮೆರಿಕದ ವಿಜ್ಞಾನಿಗಳು ತರಾತುರಿಯಲ್ಲಿ ಭೂಕಂಪಮಾಪಕಗಳನ್ನು ನೆಟ್ಟರು. ಮೇ ತಿಂಗಳಲ್ಲಿ ಗಂಧಕದ ಅನಿಲ ಎರಡೇ ವಾರದಲ್ಲಿ ದಿನಕ್ಕೆ 500 ಟನ್‌ನಿಂದ 5,000 ಟನ್ ದಾಟಿತು. ಒಂದರಿಂದ ಐದರವರೆಗಿನ ಎಚ್ಚರಿಕೆಯ ಹಂತಗಳನ್ನು ಗೊತ್ತುಮಾಡಿ ಸಾರಿದರು. ನಂಬದ ಅಧಿಕಾರಿಗಳಿಗೂ ಗ್ರಾಮಸ್ಥರಿಗೂ ಕ್ರಾಫ್ಟ್ ದಂಪತಿಯ ಚಿತ್ರ ತೋರಿಸಿದರು. ಜನ ಮನೆ ಬಿಟ್ಟು ಹೊರಟರು. ಜೂನ್ 15ರಂದು ಬೆಟ್ಟ ಸಿಡಿದು ತನ್ನ ಎತ್ತರದಲ್ಲಿ ಸುಮಾರು 260 ಮೀಟರ್ ಕಳೆದುಕೊಂಡಿತು. ಮಳೆಯಲ್ಲಿ ನೆನೆದ ಬೂದಿಯ ಭಾರಕ್ಕೆ ಚಾವಣಿ ಕುಸಿದು ನೂರಾರು ಜನ ಸತ್ತರು, ನಿಜ. ಆದರೆ ಮುನ್ಸೂಚನೆಯಿಂದ ಉಳಿದ ಜೀವಗಳು ಕನಿಷ್ಠ 5,000 ಎಂಬ ಅಂದಾಜಿದೆ.

ತಮ್ಮ ಚಿತ್ರ ಮಾಡಿದ ಉಪಕಾರವನ್ನು ನೋಡಲು ಕ್ರಾಫ್ಟ್ ದಂಪತಿ ಇರಲಿಲ್ಲ. ಅದಕ್ಕೆ ಹನ್ನೆರಡೇ ದಿನ ಮೊದಲು, ಜೂನ್ 3ರಂದು, ಜಪಾನಿನ ಉನ್ಜೆನ್ ಜ್ವಾಲಾಮುಖಿಯ ಸುಡುಮೋಡಕ್ಕೆ ಸಿಕ್ಕಿ ಸತ್ತ 43 ಜನರಲ್ಲಿ ಅವರಿಬ್ಬರೂ ಇದ್ದರು.

ನಮ್ಮ ಕಾಲ ಕೆಳಗಿನ ನೆಲ

ನಮ್ಮ ಮೈಸೂರು ಸೀಮೆಗೆ ಜ್ವಾಲಾಮುಖಿಯ ಭಯವಿಲ್ಲ, ಪೋಷಕರು ನಿಶ್ಚಿಂತೆಯಿಂದಿರಬಹುದು. ಆದರೆ ಸಂಬಂಧವೇ ಇಲ್ಲವೆಂದಲ್ಲ. ಹೆಗ್ಗಡದೇವನಕೋಟೆ ಪಕ್ಕದ ಸರಗೂರಿನ ಹೆಸರನ್ನು ಭೂವಿಜ್ಞಾನಿಗಳು ಒಂದು ಶಿಲಾಸಮೂಹಕ್ಕೇ ಇಟ್ಟಿದ್ದಾರೆ. ಅದರ ವಯಸ್ಸು ಮುನ್ನೂರು ಕೋಟಿ ವರ್ಷಕ್ಕೂ ಹೆಚ್ಚು. ಆದಿಕಾಲದ ಶಿಲಾಪಾಕದಿಂದ ಹುಟ್ಟಿ, ಆಮೇಲೆ ಬೆಂದು, ಒತ್ತಿ, ರೂಪಾಂತರ ಹೊಂದಿದ ಕಲ್ಲುಗಳು ಅದರಲ್ಲಿವೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ, ನೀರಿನಡಿ ಉಕ್ಕಿ ದಿಂಬುಗಳಂತೆ ಗಟ್ಟಿಯಾದ ಲಾವಾ ಇದೆ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದ ಕಲ್ಲಿನ ಕಂಬಗಳು ಸುಮಾರು 8.8 ಕೋಟಿ ವರ್ಷದ ಹಿಂದೆ ಆರಿದ ಲಾವಾ. ಬೆಳಗಾವಿ, ವಿಜಯಪುರ, ಕಲಬುರಗಿಯ ಕಪ್ಪು ಎರೆಮಣ್ಣಿನ ತಾಯಿ ಸುಮಾರು 6.6 ಕೋಟಿ ವರ್ಷದ ಹಿಂದಿನ ದಖನ್ ಲಾವಾ. ಆಗ ಅವನ್ನು ಅಳೆಯಲು, ಬರೆದಿಡಲು ಮನುಷ್ಯರೇ ಇರಲಿಲ್ಲ. ಈಗ ನಾವಿದ್ದೇವೆ.

ವಿದ್ಯಾರ್ಥಿ ಮಿತ್ರರೇ, ನಾಡಿ ಹಿಡಿಯುವ ಕೆಲಸ ಕಲಿಯಲು ಜ್ವಾಲಾಮುಖಿಯೇ ಬೇಕಿಲ್ಲ. ಒಂದು ನೋಟುಪುಸ್ತಕ ಸಾಕು. ಊರ ಕೆರೆಯ ಕಲ್ಲೊಂದಕ್ಕೆ ಗುರುತು ಮಾಡಿ, ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ ಭಾನುವಾರಕ್ಕೊಮ್ಮೆ ನೀರಿನ ಮಟ್ಟ ಬರೆದಿಡಿ. ಬಿದ್ದ ಮಳೆಯನ್ನು ಅಳೆದು ಪಕ್ಕದಲ್ಲಿ ಬರೆಯಿರಿ. ಒಂದು ವರ್ಷದ ಮೇಲೆ ಕೆರೆಯ ಸ್ವಭಾವ ನಿಮಗೆ ತಿಳಿಯುತ್ತದೆ. ಯಾವ ಮಳೆಗೆ ಕೋಡಿ ಬೀಳುತ್ತದೆ ಎಂದು ಊರಿಗೆ ಮೊದಲು ಹೇಳುವವರು ನೀವೇ ಆಗಬಹುದು. ದೊಡ್ಡವರಿಗೂ ಒಂದು ಕೆಲಸವಿದೆ. ಮಗು ಪುಸ್ತಕ ತೆರೆದು ‘ಅಪ್ಪಾ, ಈ ವಾರ ನೀರು ಒಂದೂವರೆ ಅಡಿ ಏರಿದೆ’ ಎಂದಾಗ ತಲೆಯೆತ್ತಿ ಕೇಳಿಸಿಕೊಳ್ಳುವುದು. ಆರ್ಮೇರೊದಲ್ಲಿ ನಕ್ಷೆ ಇತ್ತು. ಕೇಳುವ ಕಿವಿ ಇರಲಿಲ್ಲ.