ಹನ್ನೊಂದು ನಿಮಿಷ ತಡವಾಗಿ ತಿರುಗಿದ ಆ್ಯಂಟೆನಾ

ಡಿಸೆಂಬರ್‌ನ ಒಂದು ಸಂಜೆ, 6 ಗಂಟೆ 42 ನಿಮಿಷ. ತುಮಕೂರಿನ ನಮ್ಮ ಕಾಲೇಜಿನ ಟೆರೇಸ್ ಮೇಲೆ ಪ್ರಾಜೆಕ್ಟ್ ಟೀಮಿನ ನಾವು ನಾಲ್ಕು ಜನ, ತಮಾಷೆ ನೋಡಲು ಬಂದಿದ್ದ ಏಳೆಂಟು ಜೂನಿಯರ್‌ಗಳು. ‘ಅಣ್ಣಾ, ಅಲ್ಲಿ ನೋಡಿ!’ ಅಂತ ಒಬ್ಬ ಕೂಗಿದ. ನೈರುತ್ಯದ ಕಡೆಯಿಂದ ಒಂದು ಬೆಳಕಿನ ಚುಕ್ಕಿ ಸದ್ದಿಲ್ಲದೆ ಮೇಲೇರಿ ಬರುತ್ತಿತ್ತು. ಅದೇ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಅದನ್ನು ತಾನಾಗಿಯೇ ಹಿಂಬಾಲಿಸಬೇಕಿದ್ದ ನಮ್ಮ ಆ್ಯಂಟೆನಾ ಮಾತ್ರ ಉತ್ತರಕ್ಕೆ ಮುಖ ಮಾಡಿ ಮೌನವ್ರತ ಹಿಡಿದಿತ್ತು. ಚುಕ್ಕಿ ನೆತ್ತಿಯ ಹತ್ತಿರ ಬಂತು, ಈಶಾನ್ಯಕ್ಕೆ ಜಾರಿತು, ಮಾಯವಾಯಿತು. ಆ್ಯಂಟೆನಾ ಒಂದಿಂಚೂ ಕದಲಲಿಲ್ಲ.

ನನ್ನ ಮುಖ ಕೆಂಪಾಗಿತ್ತು. ಪಕ್ಕದಲ್ಲಿದ್ದ ಗೆಳೆಯನ ಕಡೆ ತಿರುಗಿ, ಜೂನಿಯರ್‌ಗಳ ಮುಂದೆಯೇ ಹೇಳಿಬಿಟ್ಟೆ: ‘ನಿನ್ನ ಗುಜರಿ ಮೋಟರ್ ಕೈಕೊಡ್ತು ನೋಡು. ಇದು ಗೇಟ್ ವೆಲ್ಡಿಂಗ್ ಅಲ್ಲ ಕಣೋ’.

ಅವನಿಗೆ ಹಾಸ್ಟೆಲ್‌ನಲ್ಲಿ ನಾವಿಟ್ಟ ಹೆಸರು ಸ್ಪ್ಯಾನರ್. ಓದುತ್ತಿರುವುದು ಮೆಕ್ಯಾನಿಕಲ್. ಅವರಪ್ಪನದು ವೆಲ್ಡಿಂಗ್ ಶಾಪ್. ರಜೆ ಬಂತೆಂದರೆ ಅವನೂ ಅಲ್ಲಿ ಕಿಟಕಿ ಗ್ರಿಲ್, ಗೇಟು ಮಾಡುತ್ತಾನೆ. ನನ್ನ ಮಾತಿಗೆ ಅವನು ಏನೂ ಹೇಳಲಿಲ್ಲ. ಟೂಲ್ ಬ್ಯಾಗ್ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತ.

ಈ ಸಾಹಸ ಶುರುವಾದದ್ದು ಐದನೇ ಸೆಮಿಸ್ಟರ್‌ನಲ್ಲಿ. ಮಿನಿ ಪ್ರಾಜೆಕ್ಟ್‌ಗೆ ಎಲ್ಲರೂ ಸ್ಮಾರ್ಟ್ ಡಸ್ಟ್‌ಬಿನ್, ಲೈನ್ ಫಾಲೋವರ್ ರೋಬೊ ಅಂತ ಹೊರಟಿದ್ದಾಗ ಹ್ಯಾಮ್ ಲೈಸೆನ್ಸ್ ಇದ್ದ ನಮ್ಮ ಲೆಕ್ಚರರ್ ಒಬ್ಬರು, ‘ಉಪಗ್ರಹ ಹಿಂಬಾಲಿಸೋ ಆ್ಯಂಟೆನಾ ಮಾಡ್ರಪ್ಪ’ ಅಂದರು. ‘ಅದೆಲ್ಲ ಇಸ್ರೋದವರ ಕೆಲಸ ಅಲ್ವಾ ಸಾರ್?’ ಅಂತ ನಾನು ಕೇಳಿದ್ದಕ್ಕೆ ಅವರು ಸ್ಟಡ್‌ಸ್ಯಾಟ್ ಕಥೆ ಹೇಳಿದರು. ಕರ್ನಾಟಕ ಮತ್ತು ಆಂಧ್ರದ 7 ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಕಟ್ಟಿದ, 1 ಕೆ.ಜಿ.ಗಿಂತ ಕಡಿಮೆ ತೂಕದ ಆ ಪುಟ್ಟ ಉಪಗ್ರಹ 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15 ರಾಕೆಟ್‌ನಲ್ಲಿ ಹಾರಿತ್ತು. ಅದರ ಮಾತು ಕೇಳಲು ಗ್ರೌಂಡ್ ಸ್ಟೇಷನ್ ಎದ್ದಿದ್ದೂ ಬೆಂಗಳೂರಿನ ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲಿ, ನಮ್ಮಂಥ ಹುಡುಗ ಹುಡುಗಿಯರಿಂದಲೇ. ಬ್ಯಾಲಾಳಿನಲ್ಲಿರುವ ಇಸ್ರೋದ 32 ಮೀಟರ್ ಡಿಶ್ ಮಾಡುವುದೂ ಮೂಲದಲ್ಲಿ ಇದೇ ಕೆಲಸ: ಆಕಾಶದಲ್ಲಿ ಓಡುವ ವಸ್ತುವಿಗೆ ಬೆನ್ನು ತೋರಿಸದಿರುವುದು.

ಆ್ಯಂಟೆನಾ ಯಾಕೆ ತಿರುಗಬೇಕು ಅಂತ ಕೇಳಬಹುದು. ಮನೆ ಮೇಲಿನ ಟಿವಿ ಡಿಶ್ ಒಂದು ಸಲ ಕೂರಿಸಿದರೆ ಸಾಕು, ಯಾಕೆಂದರೆ ಅದರ ಉಪಗ್ರಹ ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿ ಭೂಮಿಯ ಜೊತೆಗೇ ಸುತ್ತುತ್ತದೆ. ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಸೆಕೆಂಡಿಗೆ 7.6 ಕಿ.ಮೀ.ಗೂ ಹೆಚ್ಚು ವೇಗ. ಒಂದೂವರೆ ಗಂಟೆಗೆ ಭೂಮಿಗೆ ಒಂದು ಸುತ್ತು. ನಮ್ಮ ತಲೆಯ ಮೇಲೆ ಹೋಗುವಾಗ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ. ಆ ಹತ್ತು ನಿಮಿಷವೂ ಆ್ಯಂಟೆನಾ ಅದರ ಕಡೆಗೇ ಮುಖ ಮಾಡಿರಬೇಕು. ಅದಕ್ಕೇ ಎರಡು ಮೋಟರ್. ಒಂದು ಉತ್ತರದಿಂದ ಬಲಕ್ಕೆ ಎಷ್ಟು ಡಿಗ್ರಿ ಅಂತ ತಿರುಗಿಸಲು, ಇನ್ನೊಂದು ನೆಲದಿಂದ ಎಷ್ಟು ಡಿಗ್ರಿ ಅಂತ ಎತ್ತಲು. ಇಂಥ ಯಂತ್ರಕ್ಕೆ ರೊಟೇಟರ್ ಎನ್ನುತ್ತಾರೆ.

ಯೇಸು ಕಂಪನಿಯ ಜಿ-5500 ಎಂಬ ರೆಡಿಮೇಡ್ ರೊಟೇಟರ್ ಇದೆ. ಬೆಲೆ ನೋಡಿ ಆ ವೆಬ್‌ಪೇಜ್ ಮುಚ್ಚಿದೆವು. ಸ್ಪ್ಯಾನರ್ ಗುಜರಿಯಿಂದ ಎರಡು ಕಾರಿನ ವೈಪರ್ ಮೋಟರ್ ತಂದ. ಅವು ಬಲು ಚುರುಕು. ಅವಕ್ಕೆ ಇನ್ನೊಂದು ವರ್ಮ್ ಗೇರ್ ಸೇರಿಸಿ, ಪೂರ್ತಿ ಒಂದು ಸುತ್ತಿಗೆ ಒಂದೂವರೆ ನಿಮಿಷ ಹಿಡಿಯುವಷ್ಟು ನಿಧಾನ ಮಾಡಿದ. ವರ್ಮ್ ಗೇರ್‌ನ ಲಾಭ ಏನೆಂದರೆ, ಕರೆಂಟ್ ಹೋದರೂ ಗಾಳಿಗೆ ಆ್ಯಂಟೆನಾ ಹಿಂದಕ್ಕೆ ಜಾರುವುದಿಲ್ಲ. ಎಷ್ಟು ತಿರುಗಿದೆ ಅಂತ ತಿಳಿಯಲು ಪೊಟೆನ್ಶಿಯೋಮೀಟರ್ ಹಾಕಿದೆವು. ಹಳೇ ರೇಡಿಯೋದ ವಾಲ್ಯೂಮ್ ಗುಂಡಿಯ ಒಳಗಿರುತ್ತದಲ್ಲ, ಅದರದೇ ಜಾತಿ. ಅದನ್ನು ಓದಿ ಮೋಟರ್ ನಡೆಸುವುದು ಆರ್ಡುಯಿನೊ. ಅದಕ್ಕೆ ಆಜ್ಞೆ ಕೊಡುವುದು ರಾಸ್‌ಬೆರಿ ಪೈ 4. ಅದರೊಳಗೆ ಹ್ಯಾಮ್‌ಲಿಬ್ ಎಂಬ ಉಚಿತ ಸಾಫ್ಟ್‌ವೇರ್. ‘ಪಿ’ ಎಂಬ ಒಂದು ಅಕ್ಷರ, ಮುಂದೆ ಎರಡು ಕೋನ, ಆಜ್ಞೆ ಅಂದರೆ ಅಷ್ಟೇ. ಆ ಕೋನಗಳನ್ನು ಲೆಕ್ಕ ಹಾಕುವ ಪೈಥಾನ್ ಪ್ರೋಗ್ರಾಂ ನನ್ನದು. ಅದರ ಬಗ್ಗೆ ನನಗೆ ಸ್ವಲ್ಪ ಕೊಬ್ಬೂ ಇತ್ತು.

ಲೆಕ್ಕಕ್ಕೆ ಬೇಕಾದ ಕಕ್ಷೆಯ ವಿವರ ಎರಡು ಸಾಲಿನ ಅಂಕಿಗಳಾಗಿ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಟಿಎಲ್‌ಇ ಅಂತಾರೆ. ಮೇಲಿನ ತೆಳು ಗಾಳಿಯ ಎಳೆತಕ್ಕೆ ಕಕ್ಷೆ ನಿಧಾನವಾಗಿ ಬದಲಾಗುತ್ತಿರುವುದರಿಂದ ಅದನ್ನು ಆಗಾಗ ಹೊಸದಾಗಿ ಇಳಿಸಿಕೊಳ್ಳಬೇಕು.

ಕೆಲಸದಲ್ಲಿ ನಾವು ಕಲಿತದ್ದೆಲ್ಲ ಪುಸ್ತಕದಲ್ಲಿ ಇರಲಿಲ್ಲ. ಮೊದಲ ಪಾಠ ಉತ್ತರ ಯಾವುದು ಎಂಬುದು. ಫೋನಿನ ದಿಕ್ಸೂಚಿ ನಂಬಿದೆವು. ಟೆರೇಸ್‌ನಲ್ಲಿ ಮುಂದಿನ ಅಂತಸ್ತಿಗೆಂದು ಬಿಟ್ಟಿದ್ದ ಕಬ್ಬಿಣದ ಸರಳುಗಳ ಹತ್ತಿರ ಅದು ಒಂದೊಂದು ಹೆಜ್ಜೆಗೆ ಒಂದೊಂದು ಉತ್ತರ ತೋರಿಸಿತು. ಸ್ಪ್ಯಾನರ್‌ಗೆ ಉಪಾಯ ಹೊಳೆಯಿತು. ಆ್ಯಂಟೆನಾದ ನಡುಕೋಲನ್ನು ಸೂರ್ಯನ ಕಡೆ ತಿರುಗಿಸುತ್ತಾ ಹೋದ. ಅದರ ನೆರಳು ಕುಗ್ಗಿ ಕುಗ್ಗಿ ಹಿಂದೆ ಹಿಡಿದ ರಟ್ಟಿನ ಮೇಲೆ ಒಂದು ಚುಕ್ಕಿಯಾದಾಗ, ಕೋಲು ಸೂರ್ಯನನ್ನೇ ನೋಡುತ್ತಿದೆ ಎಂದರ್ಥ. ಆ ಕ್ಷಣದಲ್ಲಿ ಸೂರ್ಯ ಎಷ್ಟು ಡಿಗ್ರಿಯಲ್ಲಿದ್ದಾನೆ ಅಂತ ಕಂಪ್ಯೂಟರ್ ಹೇಳುತ್ತದೆ. ಪೊಟೆನ್ಶಿಯೋಮೀಟರ್‌ಗೆ ಅದೇ ಅಂಕಿ ಕೊಟ್ಟರಾಯಿತು.

ಎರಡನೇ ಪಾಠ ಕೇಬಲ್‌ನದು. ರೊಟೇಟರ್ ಗಿರಗಿಟ್ಲೆಯಂತೆ ಸುತ್ತುತ್ತಲೇ ಹೋದರೆ ಕೇಬಲ್ ಕಂಬಕ್ಕೆ ಸುತ್ತಿಕೊಂಡು ಕಿತ್ತುಬರುತ್ತದೆ. ಹಾಗಾಗಿ ಒಂದು ಕಡೆ ತಡೆ ಇರಲೇಬೇಕು. ನಾವು ತಡೆಯನ್ನು ಉತ್ತರದಲ್ಲಿಟ್ಟೆವು. ಆಮೇಲೆ ಗೊತ್ತಾಯಿತು, ಉಪಗ್ರಹ ಉತ್ತರವನ್ನು ದಾಟಿ ಹೋದರೆ ಆ್ಯಂಟೆನಾ ಇಡೀ ಸುತ್ತು ವಾಪಸ್ ಬರಬೇಕು. ಹತ್ತು ನಿಮಿಷದ ಭೇಟಿಯಲ್ಲಿ ಒಂದೂವರೆ ನಿಮಿಷ ದಂಡ! ಕಂಪನಿಯ ರೊಟೇಟರ್ 360ರ ಬದಲು 450 ಡಿಗ್ರಿ ತಿರುಗುವುದು ಯಾಕೆಂದು ಆಗ ಅರ್ಥವಾಯಿತು.

ಮೂರನೆಯದು ಅತಿಯಾಸೆಯ ಪಾಠ. ಅರ್ಧ ಡಿಗ್ರಿ ನಿಖರತೆ ಬೇಕು ಅಂತ ನಾನು ಹಟ ಹಿಡಿದೆ. ಆ್ಯಂಟೆನಾ ಗುರಿಯ ಆಚೆ ಈಚೆ ಹೋಗುತ್ತಾ ನಡುಕ ಬಂದವರಂತೆ ಆಡತೊಡಗಿತು. ನಮ್ಮದು ಏಳು ಕಡ್ಡಿಯ ಯಾಗಿ ಆ್ಯಂಟೆನಾ. ಅದರ ನೋಟವೇ 40 ಡಿಗ್ರಿಗಿಂತ ಅಗಲ. ಐದು ಡಿಗ್ರಿ ಆಚೀಚೆಯಾದರೆ ಸಿಗ್ನಲ್‌ಗೆ ಏನೂ ಆಗುವುದಿಲ್ಲ. ‘ಸುಮ್ನೆ ಗೇರ್ ಸವೆಸ್ತಿದ್ದೀಯಲ್ಲೋ’ ಅಂದಿದ್ದ ಸ್ಪ್ಯಾನರ್. ಅವನು ಹೇಳಿದಂತೆ ಐದು ಡಿಗ್ರಿಗೆ ಬದಲಾಯಿಸಿದೆ. ನಡುಕ ನಿಂತಿತು.

ಲ್ಯಾಬ್‌ನಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿತ್ತು. ಹೀಗಾಗಿಯೇ ಆ ಸಂಜೆ ಆ್ಯಂಟೆನಾ ಕದಲದಿದ್ದಾಗ, ತಪ್ಪು ಮೋಟರ್‌ನದೇ ಅಂತ ನನಗೆ ಒಂದು ಚೂರೂ ಅನುಮಾನ ಇರಲಿಲ್ಲ.

ಮತ್ತೆ ಟೆರೇಸ್‌ಗೆ ಬರುತ್ತೇನೆ. ಜೂನಿಯರ್‌ಗಳು ಒಬ್ಬೊಬ್ಬರಾಗಿ ಇಳಿದು ಹೋಗುತ್ತಿದ್ದರು. ಸ್ಪ್ಯಾನರ್ ನಟ್ಟು ಬಿಚ್ಚಲು ಕೈಯಿಟ್ಟ. 6 ಗಂಟೆ 53 ನಿಮಿಷಕ್ಕೆ ಮೋಟರ್ ಗುರ್ ಅಂತು. ಆ್ಯಂಟೆನಾ ತಾನಾಗಿ ತಿರುಗಿ ನೈರುತ್ಯಕ್ಕೆ ಬಂತು, ಮೆಲ್ಲಗೆ ತಲೆಯೆತ್ತಿತು, ಯಾರೂ ಇಲ್ಲದ ಆಕಾಶವನ್ನು ಹತ್ತು ನಿಮಿಷ ಶ್ರದ್ಧೆಯಿಂದ ಹಿಂಬಾಲಿಸಿತು.

ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಸ್ಪ್ಯಾನರ್ ಮೊದಲ ಸಲ ಮಾತಾಡಿದ: ‘ಕೆಟ್ಟಿದ್ರೆ ತಿರುಗ್ತಾನೇ ಇರ್ಲಿಲ್ಲ ಮಗಾ. ಇದು ತಿರುಗಿದೆ, ಲೇಟಾಗಿ. ನಿನ್ ಪೈನಲ್ಲಿ ಟೈಮ್ ಎಷ್ಟಾಗಿದೆ ನೋಡು’.

ಲ್ಯಾಪ್‌ಟಾಪ್ ಜೋಡಿಸಿ ನೋಡಿದೆ. ಪೈನ ಗಡಿಯಾರ ಸರಿಯಾಗಿ 11 ನಿಮಿಷ ಹಿಂದಿತ್ತು.

ರಾಸ್‌ಬೆರಿ ಪೈ 4ರೊಳಗೆ ಬ್ಯಾಟರಿಯಿಂದ ನಡೆಯುವ ಗಡಿಯಾರ ಇಲ್ಲ. ಆಫ್ ಮಾಡುವಾಗ ಆಗಿನ ಸಮಯ ಬರೆದಿಟ್ಟುಕೊಂಡು, ಆನ್ ಆದಾಗ ಅಲ್ಲಿಂದಲೇ ಮುಂದುವರಿಸುತ್ತದೆ. ಇಂಟರ್‌ನೆಟ್ ಸಿಕ್ಕರೆ ಸರಿ ಸಮಯ ಕೇಳಿ ತಿದ್ದಿಕೊಳ್ಳುತ್ತದೆ. ಲ್ಯಾಬ್‌ನಲ್ಲಿ ವೈಫೈ ಇತ್ತು, ಟೆರೇಸ್‌ನಲ್ಲಿ ಇರಲಿಲ್ಲ. ಲ್ಯಾಬ್‌ನಲ್ಲಿ ಆಫ್ ಮಾಡಿ, ಮೆಟ್ಟಿಲು ಹತ್ತಿ, ವೈರ್ ಜೋಡಿಸಿ ಮತ್ತೆ ಆನ್ ಮಾಡಲು ನಾವು ತೆಗೆದುಕೊಂಡದ್ದು 11 ನಿಮಿಷ. ಅಷ್ಟು ಹೊತ್ತು ಅದರ ಲೆಕ್ಕದಲ್ಲಿ ಕಾಲವೇ ನಿಂತಿತ್ತು. 11 ನಿಮಿಷದಲ್ಲಿ ಬಾಹ್ಯಾಕಾಶ ನಿಲ್ದಾಣ ಓಡುವ ದೂರ ಸುಮಾರು 5 ಸಾವಿರ ಕಿ.ಮೀ. ಮೋಟರ್ ಸರಿಯಿತ್ತು, ವೆಲ್ಡಿಂಗ್ ಸರಿಯಿತ್ತು, ಗೇರ್ ಸರಿಯಿತ್ತು. ತಪ್ಪಿದ್ದುದು ನನ್ನ ಭಾಗದಲ್ಲಿ ಮಾತ್ರ.

ಮರುದಿನ ಡಿಎಸ್3231 ಎಂಬ ಪುಟ್ಟ ಗಡಿಯಾರದ ಮಾಡ್ಯೂಲ್ ತಂದು ಹಾಕಿದೆ. ನಾಣ್ಯದಂಥ ಬ್ಯಾಟರಿಯ ಮೇಲೆ ನಡೆಯುವ ಅದರ ಬೆಲೆ ನಮ್ಮ ನಾಲ್ವರ ದೋಸೆ ಕಾಫಿ ಖರ್ಚಿಗಿಂತ ಹೆಚ್ಚಿಲ್ಲ. ಸಂಜೆ 6ಕ್ಕೆ ಮುಂಚೆಯೇ ಇನ್ನೊಂದು ಭೇಟಿ ಇತ್ತು. ತೀರಾ ಎತ್ತರ ಏರುವಂಥದ್ದಲ್ಲ. ದಕ್ಷಿಣದಲ್ಲಿ ಎದ್ದು, ದೇವರಾಯನದುರ್ಗದ ಬೆಟ್ಟಗಳ ಕಡೆ ಇಳಿಯುವಂಥದ್ದು. ಈ ಸಲ ಜೂನಿಯರ್‌ಗಳನ್ನು ಕರೆದಿರಲಿಲ್ಲ. ಸಮಯಕ್ಕೆ ಸರಿಯಾಗಿ ಮೋಟರ್ ಗುರ್ ಅಂತು. ರಿಸೀವರ್ ಅನ್ನು 437.800 ಮೆಗಾಹರ್ಟ್ಸ್‌ಗಿಂತ 10 ಕಿಲೋಹರ್ಟ್ಸ್‌ನಷ್ಟು ಮೇಲಿಟ್ಟಿದ್ದೆವು. ನಮ್ಮತ್ತ ಬರುವಾಗ ರೈಲಿನ ಸೀಟಿ ಏರಿದಂತೆ ಸಿಗ್ನಲ್ ಕೂಡ ಏರುತ್ತದೆ, ದೂರ ಹೋಗುವಾಗ ಅಷ್ಟೇ ಇಳಿಯುತ್ತದೆ. ಮೊದಲು ಬರೀ ಸುಯ್ ಎಂಬ ಸದ್ದು. ಆಮೇಲೆ ಅದು ತೆಳುವಾಗಿ, ಒಳಗಿಂದ ಒಂದು ದನಿ ಬಂತು: ‘ವಿಕ್ಟರ್ ಯೂನಿಫಾರ್ಮ್...’

ಭಾರತದ ಹ್ಯಾಮ್‌ಗಳ ಕರೆಹೆಸರು ಹಾಗೆ ಶುರುವಾಗುತ್ತದೆ. ನಿಲ್ದಾಣದಲ್ಲಿರುವ ರಿಪೀಟರ್ ನೆಲದಿಂದ ಬಂದ ಮಾತನ್ನು ಹಿಡಿದು ಮತ್ತೆ ನೆಲಕ್ಕೆ ಕಳಿಸುತ್ತದೆ. ಯಾವುದೋ ಊರಿನ ಯಾರದೋ ದನಿ 400 ಕಿ.ಮೀ. ಮೇಲೆ ಹೋಗಿ ಬಂದು ನಮ್ಮ ಸ್ಪೀಕರ್‌ನಲ್ಲಿ ಕೇಳುತ್ತಿತ್ತು. ಸ್ಪ್ಯಾನರ್ ನನ್ನ ಬೆನ್ನಿಗೆ ಗುದ್ದಿದ, ಚೆನ್ನಾಗೇ ನೋವಾಯಿತು.

ನೀವೂ ಶುರು ಮಾಡುವುದಾದರೆ ರೊಟೇಟರ್‌ನಿಂದಲೇ ಶುರು ಮಾಡಬೇಕಿಲ್ಲ. ಪಿವಿಸಿ ಪೈಪಿಗೆ ಸ್ಟೀಲ್ ಅಳತೆ ಟೇಪಿನ ತುಂಡು ಕಟ್ಟಿ ಯಾಗಿ ಮಾಡಿ, ಕೈಯಲ್ಲೇ ಹಿಡಿದು ತಿರುಗಿಸಿ. ಉಪಗ್ರಹ ಎಲ್ಲಿ ಹೋಗುತ್ತದೆ ಎಂಬುದು ತೋಳಿಗೆ ಗೊತ್ತಾದ ಮೇಲೆ ಮೋಟರ್‌ಗೆ ಹೇಳಿಕೊಡುವುದು ಸುಲಭ. ಜಿಪ್ರೆಡಿಕ್ಟ್ ಸಾಫ್ಟ್‌ವೇರ್ ಉಚಿತ. ಗ್ರೀಸ್‌ನಲ್ಲಿ 2014ರಲ್ಲಿ ಶುರುವಾದ ಸ್ಯಾಟ್‌ನಾಗ್ಸ್ ತಂಡ ತನ್ನ ರೊಟೇಟರ್‌ನ ನಕ್ಷೆಗಳನ್ನೆಲ್ಲ ಎಲ್ಲರಿಗೂ ತೆರೆದಿಟ್ಟಿದೆ. ನೀವೂ ಮಾತಾಡಬೇಕೆಂದರೆ ಮಾತ್ರ ಪರೀಕ್ಷೆ ಬರೆದು ಹ್ಯಾಮ್ ಲೈಸೆನ್ಸ್ ಪಡೆಯಲೇಬೇಕು.

ಮುಂದಿನ ವರ್ಷ ಪ್ಲೇಸ್‌ಮೆಂಟ್. ‘ಪ್ರಾಜೆಕ್ಟ್‌ನಲ್ಲಿ ನೀನೇನು ಮಾಡಿದೆ?’ ಅಂತ ಕೇಳಿದರೆ ಕೋಡ್ ಬಗ್ಗೆ ಹೇಳುತ್ತೇನೆ, ಈ 11 ನಿಮಿಷದ ಬಗ್ಗೆಯೂ ಹೇಳುತ್ತೇನೆ. ಆ್ಯಂಟೆನಾಗೆ ತಾನೆಲ್ಲಿದ್ದೇನೆ, ಗಂಟೆ ಎಷ್ಟು, ಉತ್ತರ ಯಾವ ಕಡೆ ಅಂತ ಯಾವುದೂ ಗೊತ್ತಿಲ್ಲ. ಎಲ್ಲ ನಾವೇ ಹೇಳಬೇಕು. ನಾವು ಸುಳ್ಳು ಹೇಳಿದರೆ ಅದು ಅಷ್ಟೇ ನಿಷ್ಠೆಯಿಂದ ಸುಳ್ಳನ್ನೇ ಹಿಂಬಾಲಿಸುತ್ತದೆ. ಅಂಥದ್ದರಲ್ಲಿ ಬೇರೆಯವರ ಕೆಲಸಕ್ಕೆ ಬೆರಳು ತೋರಿಸುವ ಮೊದಲು ನನ್ನ ಗಡಿಯಾರ ನಾನು ನೋಡಿಕೊಳ್ಳಬೇಕಿತ್ತು.

ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಸ್ಪ್ಯಾನರ್ ಹೆಸರನ್ನು ಮೊದಲು ಹಾಕಿದೆ. ಆದರೆ ಅವತ್ತಿನ ‘ಗೇಟ್ ವೆಲ್ಡಿಂಗ್’ ಮಾತಿಗೆ ಸಾರಿ ಅಂತ ಬಾಯಿಬಿಟ್ಟು ಇನ್ನೂ ಕೇಳಿಲ್ಲ. ಅವರಪ್ಪನ ಶಾಪ್‌ಗೆ ಈ ಪೇಪರ್ ದಿನಾ ಬರುತ್ತದೆ. ಓದಿದರೆ ಫೋನ್ ಮಾಡೋ, ಬೈಸಿಕೊಳ್ಳಲು ರೆಡಿ ಇದ್ದೇನೆ.