ನಮೂನೆ 6ರ ಕೆಳಗಿನ ಸಣ್ಣ ಚೀಟಿ

ಹತ್ತಿ ಬಿಡಿಸುವುದು ಮುಗಿದು ತೊಗರಿ ರಾಶಿ ಮನೆ ಸೇರಿತೆಂದರೆ ರಾಯಚೂರು ಜಿಲ್ಲೆಯ ಅರಕೇರಾ ಸುತ್ತಿನ ಹಳ್ಳಿಗಳಲ್ಲಿ ಬಾಗಿಲುಗಳಿಗೆ ಬೀಗ ಬೀಳತೊಡಗುತ್ತದೆ. ಕಟ್ಟೆಯ ಮೇಲೆ ಮುದುಕರು, ಅವರ ಸುತ್ತ ಶಾಲೆಗೆ ಹೋಗುವ ಮೊಮ್ಮಕ್ಕಳು ಉಳಿಯುತ್ತಾರೆ. ಮನೆಯವರು ಎಲ್ಲಿ ಎಂದರೆ ‘ದುಡಿಯಾಕ ಹೋಗ್ಯಾರ’ ಎಂಬ ಎರಡೇ ಮಾತು. ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಏಳುವ ಕಟ್ಟಡಗಳ ಬುಡದಲ್ಲಿ ಶೆಡ್ ಹಾಕಿಕೊಂಡು ಇರುವವರಲ್ಲಿ ದೇವದುರ್ಗ, ಮಾನ್ವಿ ಕಡೆಯವರು ಎಷ್ಟೋ ಮಂದಿ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ಜಿಲ್ಲೆ ಇದು. ಆದರೆ ಕಾಲುವೆ ನೀರು ಎಲ್ಲರ ಹೊಲಕ್ಕೂ ಏರುವುದಿಲ್ಲ. ಏರದ ಹೊಲದವರಿಗೂ ಹೊಲವೇ ಇಲ್ಲದವರಿಗೂ ಗುಳೆ ಎಂಬುದು ಮಳೆಗಾಲದಷ್ಟೇ ಖಾಯಂ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ದೇವದುರ್ಗವನ್ನು ರಾಜ್ಯದ ಅತಿ ಹಿಂದುಳಿದ ತಾಲೂಕುಗಳ ಸಾಲಿನಲ್ಲಿ ಇಟ್ಟಿತ್ತು. ಅರಕೇರಾ ಆಗ ಅದೇ ತಾಲೂಕಿನ ಒಂದು ಹೋಬಳಿ. 2006ರ ಫೆಬ್ರುವರಿ 2ರಂದು ನೆರೆಯ ಆಂಧ್ರದ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ, ಹಳ್ಳಿಯ ಕುಟುಂಬಕ್ಕೆ ವರ್ಷಕ್ಕೆ ನೂರು ದಿನ ಕೂಲಿ ಕೆಲಸದ ಹಕ್ಕು ಕೊಟ್ಟ ಉದ್ಯೋಗ ಖಾತ್ರಿ ಕಾಯ್ದೆಗೆ ಚಾಲನೆ ಸಿಕ್ಕಾಗ, ಮೊದಲ ಕಂತಿನ 200 ಜಿಲ್ಲೆಗಳಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಐದು: ಬೀದರ್, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆ. ಹೀಗಾಗಿ ‘ಖಾತ್ರಿ ಕೆಲಸ’ ಎಂಬ ಮಾತು ಈ ಸೀಮೆಯಲ್ಲಿ ಇಪ್ಪತ್ತು ವರ್ಷ ಹಳೆಯದು.

ಈ ಇಪ್ಪತ್ತು ವರ್ಷಗಳಲ್ಲಿ ಅದು ಮಾಡಿದ ದೊಡ್ಡ ಕೆಲಸ ಯಾವುದೆಂದು ಕೇಳಿದರೆ ಅಧಿಕಾರಿಗಳು ಬದು, ಕೃಷಿ ಹೊಂಡ, ಹೂಳೆತ್ತಿದ ಕೆರೆಗಳ ಲೆಕ್ಕ ಕೊಡುತ್ತಾರೆ. ಅವೆಲ್ಲ ನಿಜವೇ. ನಾನು ಮಾತ್ರ ಮೊದಲು ಹೆಸರಿಸುವುದು ಹೆಣ್ಣಾಳಿನ ಕೂಲಿಯನ್ನು. ಹೊಲದ ಕೆಲಸದಲ್ಲಿ ಗಂಡಾಳಿಗೊಂದು, ಹೆಣ್ಣಾಳಿಗೊಂದು ದರ ಎಂಬುದು ಯಾರೂ ಪ್ರಶ್ನಿಸದ ಪದ್ಧತಿಯಾಗಿತ್ತು. ಖಾತ್ರಿಯಲ್ಲಿ ಬುಟ್ಟಿ ಹೊತ್ತವಳಿಗೂ ಗುದ್ದಲಿ ಹಿಡಿದವನಿಗೂ ಒಂದೇ ದರ. 2025–26ರಲ್ಲಿ ಕರ್ನಾಟಕದಲ್ಲಿ ಅದು ದಿನಕ್ಕೆ 370 ರೂಪಾಯಿ ಇತ್ತು, ನೂರು ದಿನಕ್ಕೆ 37,000. ಹಣ ಅವಳ ಹೆಸರಿನ ಖಾತೆಗೇ ಬರುತ್ತದೆ. ಊರಲ್ಲಿ ಹೀಗೊಂದು ದರ ಇದೆ ಎಂದಾದ ಮೇಲೆ, ಕಳೆ ತೆಗೆಯಲು ಕರೆಯುವ ಜಮೀನುದಾರನ ಮುಂದೆ ‘ಇಷ್ಟಕ್ಕೆ ಬರಂಗಿಲ್ಲ’ ಎನ್ನಲು ಅವಳಿಗೆ ಬಾಯಿ ಬಂತು. ರಾಜ್ಯದಲ್ಲಿ ಖಾತ್ರಿಯ ಮಾನವ ದಿನಗಳಲ್ಲಿ ಸುಮಾರು ಅರ್ಧ ಹೆಂಗಸರದೇ ಆಗಿರುವುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ದೋಷ ಎಲ್ಲಿದೆ? ಪಂಚಾಯಿತಿಯ ಕಿಟಕಿಯಲ್ಲಿದೆ ಎಂಬುದು ನನ್ನ ಅನಿಸಿಕೆ. ಕೆಲಸ ಬೇಕೆಂದು ನಮೂನೆ 6ರಲ್ಲಿ ಅರ್ಜಿ ಕೊಟ್ಟರೆ ಕೆಳಭಾಗದ ಸ್ವೀಕೃತಿಯನ್ನು ತಾರೀಖು ಹಾಕಿ ಹರಿದು ಕೊಡಬೇಕು. ಕಾಯ್ದೆಯ ಬಲವೆಲ್ಲ ಆ ಚೀಟಿಯಲ್ಲಿದೆ. ಆ ತಾರೀಖಿನಿಂದ 15 ದಿನದೊಳಗೆ ಕೆಲಸ ಸಿಗದಿದ್ದರೆ ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದಂತೆ ನಿರುದ್ಯೋಗ ಭತ್ಯೆ ಕೊಡಬೇಕು. ಚೀಟಿ ಇಲ್ಲದಿದ್ದರೆ ತಾರೀಖಿಲ್ಲ, ತಾರೀಖಿಲ್ಲದಿದ್ದರೆ ಭತ್ಯೆಯಿಲ್ಲ. ‘ಕ್ರಿಯಾಯೋಜನೆ ಆಗಿಲ್ಲ, ಮುಂದಿನ ವಾರ ಬರ್ರಿ’ ಎಂಬ ಮಾತಿನಲ್ಲಿ ಹಕ್ಕು ಕರಗಿಹೋಗುತ್ತದೆ. ಕಾಗದದ ಮೇಲೆ ಬೇಡಿಕೆಯೇ ಇಲ್ಲವಾದ್ದರಿಂದ ಕೊರತೆಯೂ ಕಾಣುವುದಿಲ್ಲ. ನೂರು ದಿನದ ಮಾತು ಕೊಟ್ಟ ದೇಶದಲ್ಲಿ ಕೆಲಸ ಪಡೆದ ಕುಟುಂಬಕ್ಕೆ ಸಿಕ್ಕಿದ್ದು ವರ್ಷಕ್ಕೆ ಸರಾಸರಿ 50 ದಿನದ ಆಸುಪಾಸು. ಸಾಲದ ಕಂತು ಕಟ್ಟಬೇಕಾದವನು ಅಷ್ಟನ್ನು ನಂಬಿ ಊರಲ್ಲಿ ಕೂರುತ್ತಾನೆಯೇ? ಗುಳೆ ಕರೆದೊಯ್ಯುವ ಮೇಸ್ತ್ರಿ ಮುಂಗಡ ಕೊಡುತ್ತಾನೆ, ಪಂಚಾಯಿತಿ ಮುಂದಿನ ವಾರದ ಮಾತು ಕೊಡುತ್ತದೆ.

ಮಾನ್ವಿ, ದೇವದುರ್ಗ, ಸಿಂಧನೂರು ಕಡೆ ಈ ಚೀಟಿಯ ಬೆಲೆ ತಿಳಿಸಿಕೊಟ್ಟವರು ಸಂಘಟನೆಯವರು. ಪೋತ್ನಾಳದ ಜಾಗೃತ ಮಹಿಳಾ ಸಂಘಟನೆಯ ದಲಿತ ಹೆಂಗಸರು, ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ (ಗ್ರಾಕೂಸ್) ಸೇರಿದ ಕೂಲಿಕಾರರು ಗುಂಪಾಗಿ ಪಂಚಾಯಿತಿಗೆ ಹೋಗಿ, ಸ್ವೀಕೃತಿ ಕೈಗೆ ಬರುವವರೆಗೆ ಕದಲದೆ ಕೂರುವುದನ್ನು ರೂಢಿ ಮಾಡಿದರು. ಒಬ್ಬಳೇ ಹೋದರೆ ಸಿಗದ ಸಹಿ ಐವತ್ತು ಮಂದಿ ಹೋದರೆ ಸಿಗುತ್ತದೆ. ಸಂಘಟನೆ ಇಲ್ಲದ ಊರಿನ ಒಂಟಿ ಹೆಂಗಸಿಗೂ ಅದೇ ಕಾಯ್ದೆ ಅನ್ವಯಿಸುತ್ತದೆ ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಕೆಲಸ ಸಿಕ್ಕ ಮೇಲಿನ ಕಷ್ಟ ಬೇರೆ. ಪೂರ್ತಿ ಕೂಲಿ ಎಂಬುದು ಅಳತೆ ತುಂಬಿದರೆ ಮಾತ್ರ. ಬೇಸಿಗೆಯಲ್ಲಿ ರಾಯಚೂರಿನ ಕಪ್ಪು ನೆಲ ಕಲ್ಲಾಗುತ್ತದೆ. ಈ ಭಾಗಕ್ಕೆ ಕೆಲಸದ ಪ್ರಮಾಣದಲ್ಲಿ ಶೇ 30ರವರೆಗೆ ಬಿಸಿಲಿನ ರಿಯಾಯಿತಿ ಕೊಟ್ಟದ್ದು ಒಳ್ಳೆಯ ನಿರ್ಧಾರ. 2023ರ ಜನವರಿಯಿಂದ ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆರಡು ಬಾರಿ ಫೋಟೊ ಹಾಜರಿ ಕಡ್ಡಾಯವಾಯಿತು. ಬೆಳಗಿನ ತಂಪಿನಲ್ಲಿ ತನ್ನ ಪಾಲಿನ ಮಣ್ಣು ಅಗೆದು ಮುಗಿಸಿದವಳೂ ಎರಡನೇ ಫೋಟೊಗಾಗಿ ಬಿಸಿಲಲ್ಲಿ ಕಾಯಬೇಕು. ನೆಟ್‌ವರ್ಕ್ ಕೈಕೊಟ್ಟರೆ ದಿನದ ದುಡಿಮೆಯೇ ಲೆಕ್ಕಕ್ಕಿಲ್ಲ. ಕಳ್ಳರನ್ನು ತಡೆಯಲು ತಂದ ಈ ಆ್ಯಪ್‌ನಲ್ಲಿ ಫೋಟೊದ ಫೋಟೊ ತೆಗೆದು ಹಾಕುತ್ತಿದ್ದಾರೆ ಎಂದು 2025ರ ಜುಲೈನಲ್ಲಿ ಕೇಂದ್ರ ಸಚಿವಾಲಯವೇ ಸುತ್ತೋಲೆಯಲ್ಲಿ ಒಪ್ಪಿಕೊಂಡಿತು. ದೇವದುರ್ಗದ ಕಾಮಗಾರಿಗಳ ಮೇಲೂ ಅಕ್ರಮದ ದೂರುಗಳು ಎದ್ದಿವೆ. ದೊಡ್ಡ ಹಣ ಸೋರುವ ದಾರಿ ಕೂಲಿಗಿಂತ ಸಾಮಗ್ರಿ ಬಿಲ್ಲುಗಳಲ್ಲಿ ಸುಲಭ. ಕ್ಯಾಮೆರಾ ಮಾತ್ರ ಬುಟ್ಟಿ ಹೊತ್ತವಳ ಮುಖಕ್ಕೆ ಹಿಡಿಯಲಾಗಿದೆ. ಇದು ಅನ್ಯಾಯ.

ಆದರೂ ಕಷ್ಟಕಾಲಕ್ಕೆ ಇದು ಆಸರೆಯಾದದ್ದನ್ನು ಮರೆಯುವಂತಿಲ್ಲ. 2020ರಲ್ಲಿ ಲಾಕ್‌ಡೌನ್ ಆಗಿ ಗುಳೆ ಹೋದವರೆಲ್ಲ ಊರಿಗೆ ಮರಳಿದಾಗ ಅವರ ಕೈಗೆ ಸಿಕ್ಕಿದ್ದು ಖಾತ್ರಿಯ ಗುದ್ದಲಿಯೇ. ದೇಶದಲ್ಲಿ ಆ ವರ್ಷ 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು. ಎಷ್ಟು ಜನ ಕೇಳಿದರೂ ಕೊಡಬೇಕು ಎಂಬ ನಿಯಮ ಇದ್ದುದರಿಂದಲೇ ಅದು ಸಾಧ್ಯವಾಯಿತು.

ಆ ನಿಯಮವೇ ಈಗ ಬದಲಾಗಿದೆ. ಹಳೆಯ ಕಾಯ್ದೆಯ ಜಾಗಕ್ಕೆ 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ‘ವಿಬಿ–ಜಿ ರಾಮ್ ಜಿ’ ಕಾಯ್ದೆ 125 ದಿನಗಳ ಭರವಸೆ ಕೊಡುತ್ತದೆ. ಜೊತೆಗೆ ಯಾವ ರಾಜ್ಯಕ್ಕೆ ಎಷ್ಟು ಹಣ ಎಂಬುದನ್ನು ಕೇಂದ್ರ ಮೊದಲೇ ಗೊತ್ತುಮಾಡುತ್ತದೆ. ವೆಚ್ಚದ ಶೇ 40ನ್ನು ಕರ್ನಾಟಕದಂಥ ರಾಜ್ಯಗಳು ಹೊರಬೇಕು. ಗೊತ್ತುಮಾಡಿದ್ದಕ್ಕಿಂತ ಹೆಚ್ಚಾದರೆ ಅದೂ ರಾಜ್ಯದ ತಲೆಗೇ. ಬಿತ್ತನೆ, ಕೊಯ್ಲಿನ ಹಂಗಾಮಿನಲ್ಲಿ ವರ್ಷಕ್ಕೆ 60 ದಿನ ಈ ಕೆಲಸ ನಿಲ್ಲಿಸಬೇಕು, ಹೊಲಗಳಿಗೆ ಆಳು ಸಿಗಲೆಂದು. ಅರಕೇರಾ ಸೀಮೆಯ ರೈತನಿಗೆ ಆಳಿನ ಕೊರತೆ ಇರುವುದು ಸುಳ್ಳಲ್ಲ. ಸಣ್ಣ ಹಿಡುವಳಿದಾರನ ಗೋಳು ನನಗೂ ಗೊತ್ತು. ಆದರೆ ಹತ್ತಿ ಬಿಡಿಸುವ ದಿನಗಳಲ್ಲೇ ಖಾತ್ರಿ ಕೆಲಸ ನಿಂತರೆ, ಕಿಲೋಗೆ ಇಷ್ಟು ಎಂದು ಕೂಲಿ ಕುದುರಿಸಲು ಬದುವಿನ ಮೇಲೆ ನಿಂತ ಹೆಂಗಸು ಏನು ತೋರಿಸಿ ‘ಇಷ್ಟಕ್ಕೆ ಬರಂಗಿಲ್ಲ’ ಎನ್ನಬೇಕು?