ಜೇನಿನಲ್ಲಿ ಅಡಗಿದ ಮದ್ದು

ಪಂಚಾಮೃತದ ಐದು ಪದಾರ್ಥಗಳಲ್ಲಿ ಜೇನುತುಪ್ಪವೂ ಒಂದು. ಆಯುರ್ವೇದ ವೈದ್ಯರು ಚೂರ್ಣವನ್ನು ಜೇನಿನಲ್ಲಿ ಕಲಸಿ ಕೊಡುವುದುಂಟು. ಹೀಗೆ ಔಷಧಕ್ಕೆ ಅನುಪಾನವಾಗುವ ಜೇನಿನಲ್ಲಿಯೇ ತಿನ್ನುವವರಿಗೆ ತಿಳಿಯದಂತೆ ಬೇರೊಂದು ಔಷಧ ಸೇರಿಕೊಂಡಿದ್ದರೆ ಅದನ್ನು ಕಂಡುಹಿಡಿಯುವುದು ಹೇಗೆ?

ಜೇನ್ನೊಣಗಳಿಗೂ ರೋಗಗಳು ತಗಲುತ್ತವೆ. ಫೌಲ್‌ಬ್ರೂಡ್ ಎಂಬ ಬ್ಯಾಕ್ಟೀರಿಯಾ ರೋಗ ಬಂದರೆ ಎರಿಯ ಕೋಶಗಳಲ್ಲಿರುವ ಮರಿಹುಳುಗಳು ಸತ್ತು ಕೊಳೆಯುತ್ತವೆ. ಇದನ್ನು ತಡೆಯಲು ಕೆಲವು ಸಾಕಣೆದಾರರು ಆಕ್ಸಿಟೆಟ್ರಾಸೈಕ್ಲಿನ್‌ನಂತಹ ಪ್ರತಿಜೈವಿಕವನ್ನು, ಅಂದರೆ ಆ್ಯಂಟಿಬಯೋಟಿಕ್ ಔಷಧವನ್ನು, ಸಕ್ಕರೆ ಪಾಕದಲ್ಲಿ ಬೆರೆಸಿ ಪೆಟ್ಟಿಗೆಯಲ್ಲಿಡುತ್ತಾರೆ. ನೊಣಗಳು ಮಕರಂದದಂತೆ ಆ ಪಾಕವನ್ನೂ ಎರಿಯಲ್ಲಿ ಕೂಡಿಡುತ್ತವೆ. ಔಷಧದ ಶೇಷ ಜೇನಿನಲ್ಲಿ ಉಳಿಯುತ್ತದೆ.

ಈ ಶೇಷ ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು. ನೀರಿನಲ್ಲಿ ತೊಟ್ಟು ಬಿಟ್ಟು ನೋಡುವ ಮನೆಯ ಪರೀಕ್ಷೆಗೂ ಅದು ನಿಲುಕದು. ಪ್ರಯೋಗಶಾಲೆಯಲ್ಲಿ ಮೊದಲು ಜೇನನ್ನು ಕರಗಿಸಿ, ಸಕ್ಕರೆ ಮೊದಲಾದವುಗಳಿಂದ ಔಷಧವನ್ನು ಬೇರ್ಪಡಿಸುತ್ತಾರೆ. ಸಲ್ಫಾ ಔಷಧಗಳು ಸಕ್ಕರೆಯೊಡನೆ ಬೆಸೆದುಕೊಳ್ಳುವುದರಿಂದ ಆಮ್ಲ ಸೇರಿಸಿ ಬಿಡಿಸಬೇಕಾಗುತ್ತದೆ. ಬಳಿಕ ಕ್ರೊಮಟೋಗ್ರಫಿ ವಿಧಾನದಿಂದ ಘಟಕಗಳನ್ನು ಒಂದೊಂದಾಗಿ ವಿಂಗಡಿಸಿ, ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಿಂದ ಅವುಗಳ ಅಣುರಾಶಿಯನ್ನು ಅಳೆದು ಗುರುತಿಸುತ್ತಾರೆ. 1 ಕಿಲೋಗ್ರಾಂ ಜೇನಿನಲ್ಲಿ 1 ಮೈಕ್ರೋಗ್ರಾಂ ಔಷಧವಿದ್ದರೂ ಪತ್ತೆಯಾಗುತ್ತದೆ. ಹತ್ತು ಟನ್ ಹೊರುವ ನೂರು ಲಾರಿಗಳ ಜೇನಿನಲ್ಲಿ ಒಂದೇ ಒಂದು ಗ್ರಾಂ ಎಂದರೂ ಇದೇ ಪ್ರಮಾಣ!

ಇಷ್ಟು ಅಲ್ಪ ಪ್ರಮಾಣಕ್ಕೆ ಇಷ್ಟೊಂದು ಎಚ್ಚರವೇಕೆ? ಪ್ರತಿಜೈವಿಕಗಳು ಅನಗತ್ಯವಾಗಿ ಬಳಕೆಯಾದಷ್ಟೂ ಅವುಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ಮುಂದೆ ರೋಗಿಗೆ ಅಗತ್ಯ ಬಿದ್ದಾಗ ಆ ಮದ್ದು ನಾಟುವುದಿಲ್ಲ. ಕ್ಲೋರಾಂಫೆನಿಕಾಲ್ ಎಂಬ ಔಷಧವಂತೂ ಅಪರೂಪಕ್ಕೆ ಅಸ್ಥಿಮಜ್ಜೆಯನ್ನೇ ಕುಂದಿಸಿ ರಕ್ತದ ಉತ್ಪತ್ತಿಗೆ ಅಡ್ಡಿಯಾಗಬಲ್ಲದು.

2010ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪೇಟೆಯಲ್ಲಿ ಕೊಂಡ 12 ಬಗೆಯ ಜೇನನ್ನು ಪರೀಕ್ಷಿಸಿತು. 11ರಲ್ಲಿ ಪ್ರತಿಜೈವಿಕಗಳು ಕಂಡುಬಂದವು. ಅವುಗಳಲ್ಲಿ ಎರಡು ವಿದೇಶದಿಂದ ಬಂದವು. ರಫ್ತಾಗುವ ಜೇನಿಗೆ ಆಗ ಮಿತಿಗಳಿದ್ದವು. ದೇಶದೊಳಗೆ ಮಾರುವ ಜೇನಿಗೆ ಇರಲಿಲ್ಲ. ಪರರ ಮನೆಗೆ ಕಳಿಸುವುದನ್ನು ಶೋಧಿಸಿ, ಸ್ವಂತ ಮಕ್ಕಳಿಗೆ ಶೋಧಿಸದೆ ಬಡಿಸಿದಂತಿತ್ತು ಆ ವ್ಯವಸ್ಥೆ. ಮುಂದೆ ದೇಶದೊಳಗಿನ ಜೇನಿಗೂ ಮಿತಿಗಳು ಬಂದವು.

ಯಂತ್ರವು ದೋಷವನ್ನು ತೋರಿಸಬಲ್ಲದು, ಕಳೆಯಲಾರದು. ಪೆಟ್ಟಿಗೆಯನ್ನು ಶುಚಿಯಾಗಿಡುವುದು, ನೊಣಗಳ ಕುಟುಂಬವನ್ನು ಬಲವಾಗಿ ಬೆಳೆಸುವುದು, ರೋಗ ತಗಲಿದ ಎರಿಯನ್ನು ಮೋಹಪಡದೆ ಸುಟ್ಟುಹಾಕುವುದು, ಇವು ಸಾಕಣೆದಾರನ ಕೈಯಲ್ಲಿವೆ. ಜೇನಿನ ಶುದ್ಧಿಯನ್ನು ಪ್ರಯೋಗಶಾಲೆ ಅಳೆಯುತ್ತದೆ. ಅದು ಮೊದಲಾಗಬೇಕಾದುದು ಜೇನುಪೆಟ್ಟಿಗೆಯ ಬಳಿಯಲ್ಲಿ.